ಕೊಂಬಿನಂಥ ಟಾಮ್, ಮೊಟ್ಟೆಯಂಥ ಬೇಸ್ ಡ್ರಮ್: ಹಳೇ ವಿಚಿತ್ರ ಕಿಟ್‌ಗಳ ಬಗ್ಗೆ ಮಾತಾಡೋಣ ಬನ್ನಿ

ಬಸವನಗುಡಿ ಬೀಟ್

ಎಲ್ಲರಿಗೂ ನಮಸ್ಕಾರ. ಒಂದು ಹುಚ್ಚು ಹಿಡಿದಿದೆ, ನಿಮ್ಮ ಮುಂದೆ ಇಡುತ್ತಿದ್ದೇನೆ.

1970ರ ದಶಕದ ನಾರ್ತ್ ಡ್ರಮ್ಸ್ ಗೊತ್ತಲ್ವಾ? ಅಮೆರಿಕದ ರೋಜರ್ ನಾರ್ತ್ ಮಾಡಿದ್ದು. ಅವರೂ ಡ್ರಮ್ಮರ್ರೇ, ಹೋಲಿ ಮೋಡಲ್ ರೌಂಡರ್ಸ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು. ಟಾಮ್‌ನ (ಕಿಟ್‌ನಲ್ಲಿ ಕೋಲಿನಿಂದ ಹೊಡೆಯುವ ಡ್ರಮ್) ಮೇಲ್ಗಡೆ ಮಾಮೂಲಿ ಹೆಡ್, ಅಂದರೆ ಹೊಡೆಯುವ ಪೊರೆ. ಆದರೆ ಶೆಲ್, ಅಂದರೆ ಡ್ರಮ್ಮಿನ ಒಡಲು, ಕೆಳಗೆ ಇಳಿಯುತ್ತಾ ಅಗಲವಾಗಿ, ಬಾಗಿ, ಅದರ ಬಾಯಿ ಜನ ಕೂತಿರುವ ಕಡೆಗೆ ತಿರುಗುತ್ತದೆ. ಜಾತ್ರೆಯ ಕಹಳೆಯನ್ನು ಕುಳ್ಳಗೆ ಮಾಡಿ ಮೇಲೊಂದು ಹೆಡ್ ಬಿಗಿದ ಹಾಗೆ. ಕೆಳಗಿನ ಹೆಡ್ ಇಲ್ಲವೇ ಇಲ್ಲ. ಪೂರ್ತಿ ಫೈಬರ್‌ಗ್ಲಾಸ್.

ಈಗ ಅದು ಸಿಗುವುದೇ ಅಪರೂಪ. ಸಿಕ್ಕರೂ ಸಾಗಾಟ, ಕಸ್ಟಮ್ಸ್ ಎಲ್ಲ ಸೇರಿ ನನ್ನ ಕೈಗೆ ಎಟುಕುವುದಿಲ್ಲ. ಅದಕ್ಕೆ ಒಂದೇ ಒಂದು 12 ಇಂಚಿನ ಟಾಮ್ ಬೆಂಗಳೂರಿನಲ್ಲೇ ಮಾಡಿಸಿ ನೋಡೋಣ ಅಂತಿದ್ದೇನೆ. ನಿಜವಾಗಲೂ ಆ ಆಕಾರದಿಂದ ಏನಾದರೂ ಪ್ರಯೋಜನ ಇದೆಯಾ, ಇಲ್ಲ ಬರೀ ಶೋಕಿಯಾ? ಬಲ್ಲವರು ಹೇಳಿ. ಇಂಥ ಬೇರೆ ಹಳೇ ಕಿಟ್‌ಗಳ ಕತೆ ಇದ್ದರೂ ಹಾಕಿ.

ಡಬಲ್ ಕಿಕ್

ಗುರು, ಶೋಕಿ. ಅನುಮಾನವೇ ಬೇಡ. ಆ ಕಾಲದಲ್ಲಿ ಎಲ್ಲರಿಗೂ ಸ್ಟೇಜ್ ಮೇಲೆ ಮಿಂಚಬೇಕಿತ್ತು. ಎಮರ್ಸನ್, ಲೇಕ್ ಅಂಡ್ ಪಾಮರ್ ಬ್ಯಾಂಡಿನ ಕಾರ್ಲ್ ಪಾಮರ್ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕಿಟ್ ಮಾಡಿಸಿ, ಅದರ ಮೈಮೇಲೆಲ್ಲ ಚಿತ್ರ ಕೆತ್ತಿಸಿದ್ದ. ಎತ್ತುವವರ ಸೊಂಟ ಮುರಿಯುವಷ್ಟು ಭಾರ. ಸೌಂಡ್‌ಗೋಸ್ಕರ ಮಾಡಿಸಿದ್ದು ಅಂತ ಯಾರಾದ್ರೂ ಹೇಳಿದರೆ ನಾನು ನಂಬಲ್ಲ.

ನಿನ್ನ ದುಡ್ಡಿಗೆ ಒಂದು ಒಳ್ಳೇ ಸ್ನೇರ್ ತಗೋ ಮಗಾ.

ಕಂಟೋನ್ಮೆಂಟ್ ಹಳಬ

ಡಬಲ್ ಕಿಕ್ ಅವರೇ, ಪಾಮರ್ ಕಿಟ್ ವಿಷಯದಲ್ಲಿ ನಿಮ್ಮ ಮಾತು ಒಪ್ಪೋಣ. ಆದರೆ ಎಲ್ಲವನ್ನೂ ಅದೇ ಗೋಣಿಚೀಲಕ್ಕೆ ತುಂಬಬೇಡಿ.

ನಾನು ನುಡಿಸಲು ಶುರು ಮಾಡಿದಾಗ ಡ್ರಮ್ಸ್‌ಗೆ ಮೈಕ್ ಇಡುವ ಪದ್ಧತಿಯೇ ಇರಲಿಲ್ಲ. ಹಾಡುವವರಿಗೆ ಒಂದು ಮೈಕ್, ಅಷ್ಟೇ. ಗಿಟಾರ್ ಆಂಪ್ಲಿಫೈಯರ್‌ಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಾ ಹೋದವು. ಡ್ರಮ್ಮರ್ ಮಾತ್ರ ಅದೇ ಎರಡು ಕೈ, ಎರಡು ಕಾಲಿನಲ್ಲಿ ಅವಕ್ಕೆ ಎದುರು ನಿಲ್ಲಬೇಕು. ಎಷ್ಟು ಹೊಡೆದರೂ ಹಿಂದಿನ ಸಾಲಿಗೆ ಕೇಳಿಸುವುದು ಸಿಂಬಲ್ ಮತ್ತು ಸ್ನೇರ್ ಮಾತ್ರ. ಟಾಮ್‌ಗಳ ಶಬ್ದ ನೆಲ ನೋಡುತ್ತಾ ಕೂತಿರುತ್ತದೆ. ಹಾಗಿರುವಾಗ ಒಬ್ಬ ಡ್ರಮ್ಮರ್ "ಈ ಶಬ್ದವನ್ನು ನೆಲದಿಂದ ಎತ್ತಿ ಜನರ ಕಡೆ ತಿರುಗಿಸಿದರೆ ಹೇಗೆ" ಅಂತ ಯೋಚಿಸಿದ್ದು ಶೋಕಿ ಹೇಗಾಗುತ್ತದೆ?

ಇನ್ನು ಮೊಟ್ಟೆಯಾಕಾರದ್ದು. ಅದು ಜರ್ಮನಿಯ ಹ್ಯಾಂಬರ್ಗ್‌ನ ಟ್ರಿಕ್ಸನ್ ಕಂಪನಿಯ ಸ್ಪೀಡ್‌ಫೈರ್. ಕಂಪನಿ ಕಟ್ಟಿದವರು ಕಾರ್ಲ್-ಹೈಂಜ್ ವೈಮರ್, ಯುದ್ಧ ಮುಗಿದ ಮೇಲೆ. ಸ್ಪೀಡ್‌ಫೈರ್‌ನ ಬೇಸ್ ಡ್ರಮ್ ದುಂಡಗಿಲ್ಲ. ಒಂದು ಕಡೆ ಚಪ್ಪಟೆಯಾಗಿ ಎಳೆದುಕೊಂಡಿದೆ. ನೋಡಿದವರು ನಗುತ್ತಾರೆ. ಆದರೆ ಒಳಗೆ ಒಂದು ಅಡ್ಡಗೋಡೆ ಇದೆ. ಎರಡು ಪೆಡಲ್ ಹಾಕಿದರೆ ಒಂದೇ ಡ್ರಮ್ಮಿನಲ್ಲಿ ಎರಡು ಬೇರೆ ಬೇರೆ ಸ್ವರ. ಅಂದರೆ ಎರಡು ಬೇಸ್ ಡ್ರಮ್ ಹೊತ್ತು ತಿರುಗುವ ಕಷ್ಟ ತಪ್ಪಿಸುವ ಉಪಾಯ ಅದು. ಅವರದ್ದೇ ಟೆಲ್‌ಸ್ಟಾರ್ ಕಿಟ್‌ನಲ್ಲಿ ಶೆಲ್‌ಗಳೆಲ್ಲ ಶಂಕುವಿನಾಕಾರ. ಇವೇ ಕಿಟ್‌ಗಳು ಹೊರದೇಶಗಳಲ್ಲಿ ವಾಕ್ಸ್ ಹೆಸರಿನಲ್ಲೂ ಮಾರಾಟವಾದವು.

ಎರಡು ಬೇಸ್ ಡ್ರಮ್ ಅಂದಾಗ ನೆನಪಾಯಿತು. ನೀವು ಹೆಮ್ಮೆಯಿಂದ "ಡಬಲ್ ಕಿಕ್" ಅಂತ ಹೆಸರಿಟ್ಟುಕೊಂಡಿದ್ದೀರಲ್ಲ, ಅದರ ಮೂಲ ಮೆಟಲ್ ಅಲ್ಲ, ಜಾಝ್. ಜಾಝ್ ಡ್ರಮ್ಮರ್ ಲೂಯಿ ಬೆಲ್ಸನ್ ಹೈಸ್ಕೂಲ್ ಹುಡುಗನಾಗಿದ್ದಾಗಲೇ ಚಿತ್ರಕಲೆಯ ತರಗತಿಯಲ್ಲಿ ಎರಡು ಬೇಸ್ ಡ್ರಮ್ ಇರುವ ಕಿಟ್ ಬರೆದಿದ್ದರು. 1940ರ ದಶಕದಲ್ಲಿ ಗ್ರೆಚ್ ಕಂಪನಿ ಅದನ್ನು ಮಾಡಿಕೊಟ್ಟಿತು. ಆಗಲೂ ಇದು ಸರ್ಕಸ್ ಅಂದವರು ಇದ್ದೇ ಇರುತ್ತಾರೆ ಬಿಡಿ.

ಡಬಲ್ ಕಿಕ್

ಅಂಕಲ್, ಬೆಲ್ಸನ್ ವಿಷಯ ಗೊತ್ತಿರಲಿಲ್ಲ. ಸಲಾಂ.

ಆದರೂ ಒಂದು ಪ್ರಶ್ನೆ. ಅಷ್ಟು ಚೆನ್ನಾಗಿದ್ದರೆ ಇವೆಲ್ಲ ಯಾಕೆ ಉಳಿಯಲಿಲ್ಲ? ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ನೋಡಿದ್ದೇನೆ, 2011ರಲ್ಲಿ ಮೆಟಾಲಿಕಾ ನೋಡಿದ್ದೇನೆ. ಯಾರೂ ಕೊಂಬು ಇಟ್ಟುಕೊಂಡಿರಲಿಲ್ಲ.

ಮೈಕ್ ಮಾಮ

ಇದಕ್ಕೆ ಉತ್ತರ ನನ್ನ ಕಸುಬಿನಲ್ಲಿದೆ. ಮೈಕ್ ಬಂತು, ಕೊಂಬು ಹೋಯಿತು.

ಇವತ್ತು ಸ್ವಲ್ಪ ದೊಡ್ಡ ಶೋ ಅಂದರೆ ಪ್ರತಿ ಟಾಮ್‌ಗೂ ಒಂದು ಮೈಕ್. ಹೆಡ್‌ನಿಂದ ಎರಡು ಬೆರಳು ಮೇಲೆ, ರಿಮ್‌ಗೆ ಕಚ್ಚಿಸಿ ಇಡುತ್ತೇವೆ. ಅಲ್ಲಿಗೆ ಕೇಳಿಸುವುದು ಮುಖ್ಯವಾಗಿ ಹೆಡ್‌ನ ಶಬ್ದ. ಶೆಲ್‌ನ ಬಾಯಿ ಯಾವ ಕಡೆಗಿದೆ ಅನ್ನುವುದು ನನಗೆ ಲೆಕ್ಕಕ್ಕೇ ಬರುವುದಿಲ್ಲ. ಶಬ್ದವನ್ನು ಹಿಂದಿನ ಸಾಲಿಗೆ ಮುಟ್ಟಿಸುವ ಕೆಲಸ ಸ್ಪೀಕರ್‌ಗಳದ್ದು. ಇನ್ನೊಂದು ಕಡೆ, ಆ ಕೊಂಬಿನ ಬಾಯಿಂದ ಬರುವ ಶಬ್ದ ನೇರವಾಗಿ ಮುಂದೆ ನಿಂತ ಗಾಯಕನ ಬೆನ್ನಿಗೆ, ಅವನ ಮೈಕ್‌ಗೆ ಹೊಡೆಯುತ್ತದೆ. ನನಗೆ ಅದು ತಲೆನೋವು.

ಸಾಗಿಸುವ ಕಷ್ಟ ಬೇರೆ. ಮಾಮೂಲಿ ಟಾಮ್‌ಗಳನ್ನು ಬ್ಯಾಗಿಗೆ ಹಾಕಿ ಒಂದರ ಮೇಲೊಂದು ಪೇರಿಸಬಹುದು. ಬಾಗಿದ ಕೊಂಬನ್ನು ಎಲ್ಲಿ ಪೇರಿಸುತ್ತೀರಿ? ನಾಲ್ಕು ಟಾಮ್‌ಗೆ ಒಂದು ಟಾಟಾ ಏಸ್ ಬೇಕು.

ಈಗಿನ ಬೆಂಗಳೂರಿನ ಸಂಗತಿ ಅಂತೂ ಪೂರ್ತಿ ಉಲ್ಟಾ. ಪಬ್‌ಗೆ ಹೋದರೆ ಮ್ಯಾನೇಜರ್ ಮೊದಲು ಹೇಳುವ ಮಾತೇ "ಡ್ರಮ್ಸ್ ಕಮ್ಮಿ ಮಾಡಿ, ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡುತ್ತಾರೆ". ಡ್ರಮ್ಮರ್ ಮುಂದೆ ಅಕ್ರಿಲಿಕ್ ಗೋಡೆ ನಿಲ್ಲಿಸುವ ಊರಿನಲ್ಲಿ ನೀವು ಶಬ್ದವನ್ನು ಮುಂದಕ್ಕೆ ಎಸೆಯುವ ಡ್ರಮ್ ಮಾಡಿಸಲು ಹೊರಟಿದ್ದೀರಿ. ಧೈರ್ಯ ಮೆಚ್ಚಬೇಕು.

ಮೃದಂಗ ಮೇಷ್ಟ್ರು

ನಾನು ಡ್ರಮ್ಸ್‌ನವನಲ್ಲ. ಮಗ ನುಡಿಸುತ್ತಾನೆ, ಅವನ ಲಾಗಿನ್‌ನಲ್ಲಿ ಓದುತ್ತಾ ಓದುತ್ತಾ ಈಗ ನನ್ನದೇ ಒಂದು ಮಾಡಿಕೊಂಡೆ.

ಇಷ್ಟು ಹೊತ್ತು "ವಿಚಿತ್ರ ಆಕಾರ" ಅನ್ನುತ್ತಿದ್ದೀರಲ್ಲ, ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಮೃದಂಗ ನೋಡಿ. ನಡುವೆ ಉಬ್ಬು, ಎರಡು ಮುಖ ಎರಡು ಅಳತೆ. ಡಮರು ನಡುವೆ ಸಣ್ಣ. ಘಟಕ್ಕೆ ಚರ್ಮವೇ ಇಲ್ಲ. ನೇರ ಕೊಳವೆಯಂತಿರುವ ನಿಮ್ಮ ಟಾಮ್ ನಮ್ಮ ಕಣ್ಣಿಗೆ ವಿಚಿತ್ರ!

ಆದರೆ ಒಂದು ಎಚ್ಚರಿಕೆ. ಆಕಾರಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ನಾದ ಹುಟ್ಟುವುದು ಮುಚ್ಚಿಗೆಯಲ್ಲಿ, ಅಂದರೆ ಮುಖದ ಮೇಲಿನ ಚರ್ಮದಲ್ಲಿ. ಸಿ.ವಿ. ರಾಮನ್ ಮೃದಂಗದ ಮೇಲೆ ಕೆಲಸ ಮಾಡಿದ್ದು ನಿಮಗೆಲ್ಲ ಗೊತ್ತಿರಬಹುದು. 1934ರಲ್ಲಿ, ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಅದರ ಬಗ್ಗೆ ವಿವರವಾಗಿ ಬರೆದರು. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲಸ್ವರದ ಮೇಲೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಬರೀ ಸದ್ದು ಕೇಳುತ್ತದೆ, ಶ್ರುತಿ ಕೇಳುವುದಿಲ್ಲ. ಬಲಮುಖದ ನಡುವೆ ಕರಣೆಯನ್ನು (ಆ ಕಪ್ಪು ಲೇಪ) ಪದರ ಪದರವಾಗಿ ಹಾಕಿ ತೂಕ ಕೂರಿಸಿದಾಗ ಆ ಸ್ವರಗಳು ಸರಿಯಾದ ಲೆಕ್ಕಕ್ಕೆ ಬಂದು ನಿಲ್ಲುತ್ತವೆ. ಹಲಸಿನ ಮರದ ಒಡಲನ್ನು ಮುಟ್ಟದೆ, ಬರೀ ಚರ್ಮದ ಮೇಲೆ ಮಾಡಿದ ಕೆಲಸ ಅದು. ಯಾರು ಕಂಡುಹಿಡಿದರೋ, ಹೆಸರಿಲ್ಲ.

ಫೈಬರ್‌ಗ್ಲಾಸ್ ಮಾತು ಬಂದಿದ್ದಕ್ಕೆ ಇನ್ನೊಂದು. ನಮ್ಮ ಬೆಂಗಳೂರಿನವರೇ ಆದ ಡಾ. ಕೆ. ವರದರಂಗನ್ ಅವರು ಚರ್ಮವೇ ಇಲ್ಲದ ಮೃದಂಗ ಮಾಡಿದ್ದಾರೆ. ಒಡಲು ಫೈಬರ್‌ಗ್ಲಾಸ್, ಮುಚ್ಚಿಗೆ ಸಿಂಥೆಟಿಕ್. ಹಳೇ ಕಾಲದವರು ಮೂಗು ಮುರಿದರು, ನಾನೂ ಮೊದಮೊದಲು ಒಪ್ಪಿರಲಿಲ್ಲ. ಈಗ ಮಳೆಗಾಲದಲ್ಲಿ ನನ್ನ ಹಲಸಿನ ಮೃದಂಗ ಕಛೇರಿಯ ನಡುವೆ ಶ್ರುತಿ ಇಳಿದಾಗಲೆಲ್ಲ ಅದರ ನೆನಪಾಗುತ್ತದೆ.

ಕಂಟೋನ್ಮೆಂಟ್ ಹಳಬ

ಮೇಷ್ಟ್ರೇ, ಮಳೆಯ ಮಾತು ಎತ್ತಿದಿರಿ, ನಮ್ಮದೂ ಅದೇ ಗೋಳಿತ್ತು. ಡ್ರಮ್ಸ್‌ಗೂ ಮೊದಲು ಕರುವಿನ ಚರ್ಮವೇ. 1920, 30ರ ದಶಕಗಳಲ್ಲಿ ಬೇಸ್ ಡ್ರಮ್ ಒಳಗೆ ಬಲ್ಬ್ ಇಡುತ್ತಿದ್ದರು. ಶಾಖಕ್ಕೆ ಚರ್ಮ ಬಿಗಿಯಾಗಿರಲಿ ಅಂತ. ಮುಂದಿನ ಚರ್ಮದ ಮೇಲೆ ಸೂರ್ಯಾಸ್ತ, ಸರೋವರ, ದೋಣಿ ಅಂತ ಚಿತ್ರ ಬರೆದಿರುತ್ತಿದ್ದರು, ಬಲ್ಬ್ ಹಾಕಿದರೆ ಅದೂ ಹೊಳೆಯುತ್ತಿತ್ತು. ಒಂದೇ ಬಲ್ಬ್, ಎರಡು ಕೆಲಸ. 1950ರ ದಶಕದಲ್ಲಿ ಚಿಕ್ ಇವಾನ್ಸ್, ರೆಮೋ ಬೆಲ್ಲಿ ಮೈಲಾರ್ ಎಂಬ ಪ್ಲಾಸ್ಟಿಕ್ ಹೆಡ್‌ಗಳನ್ನು ಮಾರುಕಟ್ಟೆಗೆ ತಂದ ಮೇಲೆ ಬಲ್ಬ್‌ಗೆ ಕೆಲಸ ತಪ್ಪಿತು.

ಅಂದ ಹಾಗೆ, ಹಳೇ ಕಿಟ್ ಕೊಳ್ಳುವವರಿಗೆ ಒಂದು ಕಿವಿಮಾತು. ಫ್ರೇಜರ್ ಟೌನ್, ಕುಕ್ ಟೌನ್ ಕಡೆ ಹಳೇ ಮನೆಗಳಲ್ಲಿ ಪ್ರೀಮಿಯರ್ ಕಂಪನಿಯ ಡ್ರಮ್ ಏನಾದರೂ ಕಂಡರೆ ದುಡ್ಡು ಕೊಡುವ ಮೊದಲು ಟೇಪ್ ಹಿಡಿಯಿರಿ. 1960ರ ದಶಕದ ಕೊನೆಯವರೆಗೂ ಅವರ ಶೆಲ್‌ಗಳ ಅಳತೆ ಈಗಿನದಕ್ಕಿಂತ ಒಂದಿಷ್ಟು ದೊಡ್ಡದು. ಈಗ ಅಂಗಡಿಯಲ್ಲಿ ಸಿಗುವ ಹೆಡ್ ಅದರ ಮೇಲೆ ಕೂರುವುದೇ ಇಲ್ಲ. ಆ ಅಳತೆಯ ಹೆಡ್ ಹೇಳಿಯೇ ತರಿಸಬೇಕು.

ಗಾಜಿನ ಡ್ರಮ್

ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ. ಈ ಥ್ರೆಡ್‌ನಲ್ಲಿ ಕೇಳಬಹುದು ಅನ್ನಿಸಿತು. ನನ್ನ ಹತ್ತಿರ ಹಳೇ ಪಾರದರ್ಶಕ ಅಕ್ರಿಲಿಕ್ ಫ್ಲೋರ್ ಟಾಮ್ ಒಂದಿದೆ. ಬ್ಯಾಡ್ಜ್ ಬಿದ್ದುಹೋಗಿದೆ. ಶೆಲ್ ಜೋಡಿಸಿದ ಗೆರೆಯ ಹತ್ತಿರ ಕೂದಲಿನಂಥ ಬಿರುಕು. ಇದು ಲುಡ್ವಿಗ್ ಕಂಪನಿಯ ವಿಸ್ಟಾಲೈಟಾ, ಬೇರೆ ಏನಾದರೂನಾ? ಮತ್ತೆ ಇದನ್ನು ಯಾವುದರಲ್ಲಿ ಒರೆಸಬೇಕು?

ಕಂಟೋನ್ಮೆಂಟ್ ಹಳಬ

ಮೊದಲು ಕೊನೆಯ ಪ್ರಶ್ನೆ. ಗಾಜು ಒರೆಸುವ ಸ್ಪ್ರೇ, ಸ್ಪಿರಿಟ್, ಸ್ಯಾನಿಟೈಸರ್ ಯಾವುದನ್ನೂ ಹತ್ತಿರ ತರಬೇಡಿ. ಅಕ್ರಿಲಿಕ್‌ನಲ್ಲಿ ಎಳೆತ ಇರುವ ಕಡೆ ಸ್ಪಿರಿಟ್ ಬಿದ್ದರೆ ಜೇಡರ ಬಲೆ ಥರ ಸಣ್ಣ ಸಣ್ಣ ಬಿರುಕು ಹುಟ್ಟುತ್ತವೆ. ಉಗುರು ಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆ ಬಟ್ಟೆ. ಸಾಕು.

ಯಾವ ಕಂಪನಿ ಅನ್ನುವುದನ್ನು ಲಗ್ (ಹೆಡ್ ಬಿಗಿಯುವ ರಾಡ್ ಕೂರುವ ಲೋಹದ ತುಂಡು) ನೋಡಿ ಗುರುತಿಸಬೇಕು. ಒಂದು ಫೋಟೊ ಹಾಕಿ, ಹತ್ತಿರದಿಂದ. ವಿಸ್ಟಾಲೈಟ್ ಹೆಸರೇ ಎಲ್ಲರ ಬಾಯಲ್ಲಿ. 1973ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಲೆಡ್ ಝೆಪ್ಲಿನ್‌ನ ಜಾನ್ ಬಾನಮ್ ನುಡಿಸಿದ ಜೇನುಬಣ್ಣದ ಕಿಟ್ ಅದು. ಆದರೆ ಅಕ್ರಿಲಿಕ್‌ನಲ್ಲಿ ಮೊದಲು ಕೈ ಹಾಕಿದವರು ಲುಡ್ವಿಗ್ ಅಲ್ಲ. ಕ್ಯಾನ್ಸಸ್ ಸಿಟಿಯ ಬಿಲ್ ಜಿಕೋಸ್ ಎಂಬ ಡ್ರಮ್ಮರ್ ಅದಕ್ಕಿಂತ ಮುಂಚೆಯೇ ಮಾಡಿದ್ದರು. ಐರನ್ ಬಟರ್‌ಫ್ಲೈ ಬ್ಯಾಂಡಿನ ರಾನ್ ಬುಶಿ ನುಡಿಸುತ್ತಿದ್ದದ್ದು ಅವರದ್ದನ್ನೇ. ಫೈಬ್ಸ್ ಅನ್ನುವ ಇನ್ನೊಂದು ಸಣ್ಣ ಕಂಪನಿ. ಬಾಬ್ ಗ್ರಾಸೊ, ಜಾನ್ ಮೊರೆನಾ ಇಬ್ಬರೂ ಸೇರಿ 1960ರ ದಶಕದಲ್ಲಿ ಫೈಬರ್‌ಗ್ಲಾಸ್ ಡ್ರಮ್‌ನಿಂದ ಶುರು ಮಾಡಿ, ಆಮೇಲೆ ಪಾರದರ್ಶಕ ಡ್ರಮ್‌ಗೆ ಬಂದರು. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಬಿಲ್ಲಿ ಕೋಬ್ಹ್ಯಾಮ್ ಹಿಂದೆ ಕಾಣುವ ಗಾಜಿನಂಥ ಕಿಟ್ ಫೈಬ್ಸ್.

ಇಲ್ಲಿ ಒಂದು ಪ್ಯಾಟರ್ನ್ ಗಮನಿಸಿ. ನಾರ್ತ್, ಜಿಕೋಸ್, ಗ್ರಾಸೊ ಎಲ್ಲರೂ ಡ್ರಮ್ಮರ್‌ಗಳು. ತಮಗೆ ಬೇಕಾಗಿದ್ದು ಅಂಗಡಿಯಲ್ಲಿ ಸಿಗದಿದ್ದಾಗ ಮಾಡಲು ಕೂತವರು. ದೊಡ್ಡ ಕಂಪನಿ ಪಕ್ಕದಲ್ಲಿ ನಿಂತು ನೋಡಿ, ಓಡುತ್ತೆ ಅಂತ ಖಾತ್ರಿಯಾದ ಮೇಲೆ ಇಳಿಯುತ್ತದೆ. ಹೆಸರು ಉಳಿಯುವುದು ದೊಡ್ಡವರದ್ದು. ನನಗೆ ಇದರ ಬಗ್ಗೆ ಸ್ವಲ್ಪ ಸಿಟ್ಟಿದೆ, ಬಿಡಿ.

ಪೀಣ್ಯ ಎಫ್‌ಆರ್‌ಪಿ

ಬಿರುಕಿನ ವಿಷಯ: ಅಕ್ರಿಲಿಕ್ ಬೋರ್ಡ್ ಮಾಡುವವರ ಹತ್ತಿರ ಹೋಗಿ. ಅವರು ಕ್ಲೋರೋಫಾರ್ಮ್ ಸಿರಿಂಜ್‌ನಲ್ಲಿ ಬಿಟ್ಟು ಅಂಟಿಸುತ್ತಾರೆ. ಅದು ಗಮ್ ಅಲ್ಲ, ಅಕ್ರಿಲಿಕ್ಕನ್ನೇ ಕರಗಿಸಿ ಒಂದು ಮಾಡುತ್ತದೆ. ಆದರೆ ಬಿರುಕಿನ ತುದಿಯಲ್ಲಿ ಒಂದು ಸಣ್ಣ ತೂತು ಹಾಕಿಸಿ ಆಮೇಲೆ ಬಿಡಿಸಿ, ಇಲ್ಲ ಅಂದರೆ ಬಿರುಕು ಮುಂದಕ್ಕೆ ಓಡುತ್ತದೆ.

ಈಗ ಬಸವನಗುಡಿಯವರಿಗೆ. ನಮ್ಮದು ಫೈಬರ್‌ಗ್ಲಾಸ್ ಕೆಲಸ. ಕಾರಿನ ಬಂಪರ್, ಮೆಷಿನ್ ಕವರ್, ಪಾರ್ಕಿನ ಆನೆ ಮೊಸಳೆ ಎಲ್ಲ ಮಾಡುತ್ತೇವೆ. ಡ್ರಮ್ ಮಾಡಿಲ್ಲ. ಆದರೆ ನೀವು ಹೇಳಿದ್ದು ಆಗದ ಕೆಲಸ ಅಲ್ಲ.

ಹೊರಮೈ ನುಣುಪಾಗಿ ಬೇಕು ಅಂದರೆ ಅಚ್ಚು ಹೊರಗಡೆ ಇರಬೇಕು. ಅಚ್ಚಿಗೆ ತಾಗಿದ ಮೈ ಮಾತ್ರ ನುಣುಪು. ಮೊದಲು ಪ್ಯಾಟರ್ನ್ (ಮಾದರಿ), ಅದರ ಮೇಲೆ ಅಚ್ಚು, ಅಚ್ಚಿನ ಒಳಗೆ ವ್ಯಾಕ್ಸ್, ಹೊರಮೈಯಾಗುವ ಜೆಲ್‌ಕೋಟ್, ಆಮೇಲೆ ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್. ಚದರ ಮೀಟರ್‌ಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಹೆಚ್ಚುಕಮ್ಮಿ 1 ಮಿ.ಮೀ. ದಪ್ಪ ಬರುತ್ತದೆ. ನಿಮಗೆ ನಾಲ್ಕು ಪದರ ಸಾಕು. ಲಗ್ ಬರುವ ಜಾಗದಲ್ಲಿ ಇನ್ನೆರಡು. ಪ್ರತಿ ಪದರಕ್ಕೂ ರೋಲರ್ ಹೊಡೆದು ಗಾಳಿ ಗುಳ್ಳೆ ತೆಗೆಯಬೇಕು. ಗುಳ್ಳೆ ಉಳಿದ ಕಡೆ ನೀವು ಲಗ್ ಬಿಗಿದರೆ ಚಿಪ್ಪು ಏಳುತ್ತದೆ.

ಕಷ್ಟ ಇರುವುದು ಬಾಗಿನಲ್ಲಿ. ಬಾಗಿದ ಕೊಂಬು ಒಂದೇ ಅಚ್ಚಿನಿಂದ ಹೊರಗೆ ಬರುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಹೋಳು ಅಚ್ಚು ಮಾಡಿ ಬೋಲ್ಟ್ ಹಾಕಬೇಕು. ಅಚ್ಚಿನ ಖರ್ಚೇ ಜಾಸ್ತಿ. ಒಂದು ಪೀಸಿಗೋಸ್ಕರ ಅಷ್ಟು ಮಾಡಿಸುವುದು ದಂಡ. ನನ್ನ ಸಲಹೆ: ಮೊದಲು ಬಾಗಿಲ್ಲದ ನೇರ ಶಂಕು ಮಾಡೋಣ. ಮೇಲೆ 12, ಕೆಳಗೆ 16. ಅಗಲದ ಕಡೆಯಿಂದ ಸಲೀಸಾಗಿ ಬಿಡಿಸಿಕೊಂಡು ಬರುತ್ತದೆ. ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಲ್ಲಿಸಿದರೆ ಬಾಯಿ ಮುಂದಕ್ಕೆ ತಿರುಗುತ್ತದೆ. ಸೌಂಡ್ ಹಿಡಿಸಿದರೆ ಆಮೇಲೆ ಬಾಗಿಸೋಣ.

ಮನೆಯಲ್ಲೇ ಮಾಡುತ್ತೇನೆ ಅಂತ ವಿಡಿಯೊ ನೋಡಿ ಇಳಿಯುವವರಿಗೆ: ರೆಸಿನ್ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ಯಾವತ್ತೂ ನೇರವಾಗಿ ಬೆರೆಸಬೇಡಿ. ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಹಾಕಿ ಕಲಸಿ, ಆಮೇಲೆ ಹಾರ್ಡ್ನರ್. ತಮಾಷೆ ಅಲ್ಲ ಇದು.

ಬಸವನಗುಡಿ ಬೀಟ್

ಅಣ್ಣಾ, ನೀವು ಸಿಕ್ಕಿದ್ದು ನನ್ನ ಪುಣ್ಯ. ನೇರ ಶಂಕುವೇ ಇರಲಿ. ಹಾಗಾದರೆ ಮೇಲಿನ ವ್ಯಾಸ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಇಟ್ಟುಬಿಡಿ.

ಕಂಟೋನ್ಮೆಂಟ್ ಹಳಬ

ಇಡಬೇಡಿ! 12 ಇಂಚಿನ ಹೆಡ್ ಕೂರಬೇಕಾದರೆ ಶೆಲ್ ಸ್ವಲ್ಪ ಸಣ್ಣದಿರಬೇಕು. ಹೊರವ್ಯಾಸ 301ರಿಂದ 302 ಮಿ.ಮೀ. ಇರಲಿ. ಮೇಲೆ ಹೇಳಿದ ಹಳೇ ಪ್ರೀಮಿಯರ್ ಗೋಳು ಹೊಸ ಡ್ರಮ್ಮಿಗೂ ಬರುವುದು ಬೇಡ.

ಅಂಚನ್ನು 45 ಡಿಗ್ರಿಗೆ ಒಳಕ್ಕೆ ಇಳಿಸಿ. ಮುಗಿದ ಮೇಲೆ ಚಪ್ಪಟೆ ಗ್ರಾನೈಟ್ ಕಲ್ಲಿನ ಮೇಲೆ ಬೋರಲು ಹಾಕಿ, ಒಳಗೆ ಟಾರ್ಚ್ ಬಿಟ್ಟು ಲೈಟ್ ಆರಿಸಿ ನೋಡಿ. ಅಂಚಿನ ಕೆಳಗೆ ಎಲ್ಲಾದರೂ ಬೆಳಕು ಇಣುಕಿದರೆ ಅಲ್ಲಿ ತಗ್ಗಿದೆ ಅಂತ ಅರ್ಥ. ತಗ್ಗಿದ್ದರೆ ಏನು ಮಾಡಿದರೂ ಟ್ಯೂನ್ ಆಗುವುದಿಲ್ಲ. ಲಗ್, ರಾಡ್ ಎಲ್ಲ ಡ್ರಮ್ಸ್‌ನ ಮಾಮೂಲಿ 12-24 ಥ್ರೆಡ್‌ದೇ ತಗೊಳ್ಳಿ, ಎಲ್ಲಿ ಬೇಕಾದರೂ ಸಿಗುತ್ತದೆ. ಎಸ್‌ಪಿ ರೋಡ್‌ನಲ್ಲಿ ಎಂ6 ಬೋಲ್ಟ್ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ತುರುಕಬೇಡಿ.

ಡಬಲ್ ಕಿಕ್

ಸರಿ, ಮಾಡಿಸಿ. ಆದರೆ ಮಾಡಿಸಿದವನೇ ನುಡಿಸಿ "ಆಹಾ ಏನ್ ಸೌಂಡು" ಅನ್ನೋದು ಬೇಡ. ಒಂದು ಮಾಮೂಲಿ 12 ಇಂಚಿನ ಟಾಮ್ ನಾನು ತರುತ್ತೇನೆ. ಎರಡನ್ನೂ ನಾನೇ ಹೊಡೆಯುತ್ತೇನೆ. ನೀವೆಲ್ಲ ಬೆನ್ನು ಹಾಕಿ ನಿಂತುಕೊಂಡು ಯಾವುದು ಯಾವುದು ಅಂತ ಹೇಳಿ.

ಮೈಕ್ ಮಾಮ

ಇದು ಮಾತು. ಬಯಲಿನಲ್ಲಿ ಮಾಡಿ, ಒಳಗೆ ಬೇಡ. ಗೋಡೆ ಇದ್ದರೆ ಶಬ್ದ ಎಲ್ಲ ಕಡೆಯಿಂದ ವಾಪಸ್ ಬಂದು ಏನೂ ಗೊತ್ತಾಗುವುದಿಲ್ಲ. ಮುಂದೆ ಒಬ್ಬರು, ಪಕ್ಕಕ್ಕೆ ಒಬ್ಬರು, ಹಿಂದೆ ಒಬ್ಬರು, ಮೂವರೂ ಒಂದೇ ದೂರದಲ್ಲಿ ನಿಲ್ಲಿ. ಕೊಂಬಿನ ಕೆಲಸ ಶಬ್ದವನ್ನು ಜೋರು ಮಾಡುವುದಕ್ಕಿಂತ ಅದಕ್ಕೊಂದು ದಿಕ್ಕು ಕೊಡುವುದು. ಹಾಗಾಗಿ ಮುಂದಿನವನಿಗೂ ಹಿಂದಿನವನಿಗೂ ಎಷ್ಟು ವ್ಯತ್ಯಾಸ ಅನ್ನುವುದನ್ನೇ ನೋಡಬೇಕು.

ಮೊದಲು ತಲೆನೋವು ಅಂದಿದ್ದೆ. ಆದರೆ ಮೇಷ್ಟ್ರ ಪೋಸ್ಟ್ ಓದಿದ ಮೇಲೆ ಒಂದು ಯೋಚನೆ ಬಂತು. ಮೈಕ್ ಇಲ್ಲದೆ ಬಯಲಲ್ಲಿ ನುಡಿಸುವವರು ನಮ್ಮಲ್ಲಿ ಈಗಲೂ ಇದ್ದಾರಲ್ಲ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ನವರು, ಗಣಪತಿ ಬಿಡುವಾಗ ಬರುವವರು. ಕೊಂಬಿನ ಡ್ರಮ್ ನಿಜವಾಗಿ ಬೇಕಾಗಿರುವುದು ಅವರಿಗೆ, ಪಬ್‌ನವರಿಗಲ್ಲ. ಹೆಗಲಿಗೆ ಹಾಕುವಷ್ಟು ಹಗುರ ಆಗುತ್ತಾ ಪೀಣ್ಯದವರೇ?

ಪೀಣ್ಯ ಎಫ್‌ಆರ್‌ಪಿ

ಮೂರು ಪದರಕ್ಕೆ ಇಳಿಸಿ ಅಂಚಿಗೆ ಮಾತ್ರ ದಪ್ಪ ಕೊಟ್ಟರೆ ಆಗಬಹುದು. ಮೊದಲನೇ ಪೀಸ್ ತೂಗಿ ನೋಡಿ ಹೇಳುತ್ತೇನೆ.

ಮೃದಂಗ ಮೇಷ್ಟ್ರು

ಕೇಳುವುದಕ್ಕೆ ನಾನೂ ಬರುತ್ತೇನೆ. ಎರಡು ಡ್ರಮ್ಮಿಗೂ ಒಂದೇ ಕಂಪನಿಯ, ಒಂದೇ ದಪ್ಪದ ಹೆಡ್ ಹಾಕಿ, ಒಂದೇ ಶ್ರುತಿಗೆ ತನ್ನಿ. ಮುಚ್ಚಿಗೆ ಬೇರೆಯಾದರೆ ನೀವು ಒಡಲನ್ನು ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ.

ಬಸವನಗುಡಿ ಬೀಟ್

ಆಯ್ತು ಮೇಷ್ಟ್ರೇ. ಹೆಡ್ ಎರಡನ್ನೂ ನಾನೇ ಹೊಸದು ತರುತ್ತೇನೆ. ಪೀಣ್ಯ ಅಣ್ಣನಿಗೆ ಪ್ಯಾಟರ್ನ್ ಡ್ರಾಯಿಂಗ್ ಮೆಸೇಜ್ ಮಾಡಿದ್ದೇನೆ, 301.5 ಅಂತಲೇ ಬರೆದಿದ್ದೇನೆ. ಮೈಕ್ ಮಾಮ, ಸೌಂಡ್ ಮೀಟರ್ ಇದೆಯಾ?

ಮೈಕ್ ಮಾಮ

ಇದೆ. ಸೋಮವಾರ ಬೆಳಗ್ಗೆ ಆದರೆ ಮಾತ್ರ. ಶನಿವಾರ, ಭಾನುವಾರ ಶೋಗಳಿವೆ.